ಹಿನ್ನೆಲೆಗೆ ಸರಿದ ಬಂಡೆ

ಹಿರೇಬೆಣಕಲ್ ಗುಡ್ಡ ಹತ್ತಿ ಬಂದವರು ಹಂಚಿಕೊಳ್ಳುವ ಚಿತ್ರಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಗೋರಿ ನಡುವೆ ಇರುತ್ತದೆ. ಅದರ ಒಂದು ಮಗ್ಗುಲಿನ ದುಂಡು ಕಿಂಡಿಯಲ್ಲಿ ಯಾರಾದರೂ ಇಣುಕುತ್ತಿರುತ್ತಾರೆ. ಗುಡ್ಡ, ಗುಂಡು, ಹಾಸುಬಂಡೆಗಳೆಲ್ಲ ಹಿಂದೆಲ್ಲೋ ಮಸುಕಾಗಿರುತ್ತವೆ. ನಮ್ಮ ಸ್ಮಾರಕ ಕಾನೂನು, ಪ್ರವಾಸಿ ಕೈಪಿಡಿ, ಶಾಲಾ ಪಠ್ಯ ಎಲ್ಲವೂ ಆ ಕ್ಯಾಮೆರಾದ ಹಾಗೆಯೇ ನೋಡುತ್ತವೆ. ಮನುಷ್ಯ ಕಟ್ಟಿದ್ದು ಮುಖ್ಯ, ಅವನಿಗೂ ಮೊದಲೇ ಇದ್ದ ಕಲ್ಲು ಬರೀ ನೆಲ. ಗಂಗಾವತಿಯಿಂದ ಪಶ್ಚಿಮಕ್ಕೆ ಹತ್ತು ಕಿಲೋಮೀಟರ್ ದೂರದ ಈ ಬಂಡೆಗಾಡಿನ ಮಟ್ಟಿಗಂತೂ ಆ ನೋಟ ತಪ್ಪು. ಇಲ್ಲಿ ಬಂಡೆಯನ್ನು ಬಿಟ್ಟು ಗೋರಿಗೆ ಅರ್ಥವಿಲ್ಲ. ಗೋರಿಯನ್ನಷ್ಟೇ ಉಳಿಸುತ್ತೇವೆಂದು ಹೊರಟರೆ ಕೊನೆಗೆ ಉಳಿಯುವುದು ಒಂದಷ್ಟು ಚಪ್ಪಡಿ ಮಾತ್ರ.

ಕರ್ನಾಟಕದಲ್ಲಿ ಭೂಗೋಳದ ಪಾಠ ಹೇಳುವಂಥ ಮರುಭೂಮಿ ಇಲ್ಲ. ಆದರೆ ತುಂಗಭದ್ರೆಯ ಎಡದಂಡೆಯ ಈ ಗುಡ್ಡಸಾಲಿನ ಮೇಲೆ ಏಪ್ರಿಲ್ ಮಧ್ಯಾಹ್ನ ನಿಂತವರಿಗೆ ಆ ವ್ಯತ್ಯಾಸ ಅಷ್ಟೇನೂ ಕಾಣುವುದಿಲ್ಲ. ಸಹ್ಯಾದ್ರಿಯ ಮಳೆನೆರಳಿನ ಸೀಮೆ ಇದು. ಮಳೆ ಕಡಿಮೆ, ಬಿದ್ದ ಮಳೆಯೂ ಬಂಡೆಯ ಮೇಲಿಂದ ಜಾರಿ ಹೋಗುತ್ತದೆ. ಮುಳ್ಳುಕಂಟಿ, ಒಣಹುಲ್ಲು, ಕಾದ ಕಲ್ಲು. ಗುಡ್ಡದ ಕೆಳಗಿನ ಚಿತ್ರವೇ ಬೇರೆ. 1950ರ ದಶಕದಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಎಡದಂಡೆ ಕಾಲುವೆಗೆ ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಬೆಂಗಳೂರಿನ ವಿಜಯನಗರದ, ಬಸವೇಶ್ವರನಗರದ ಅಡುಗೆಮನೆಗಳಲ್ಲಿ ಬೇಯುವ ಸೋನಾಮಸೂರಿಯಲ್ಲಿ ಒಂದು ಪಾಲು ಅಲ್ಲಿಂದಲೇ ಬರುತ್ತದೆ. ಮೇಲೆ ಒಣಬಂಡೆ, ಕೆಳಗೆ ಹಸಿರು ಗದ್ದೆ ಕಂಡವರು, ಇದು ಮೊದಲಿನಿಂದಲೂ ಯಾರಿಗೂ ಬೇಡವಾದ ಮೂಲೆ, ಅದಕ್ಕೇ ಸತ್ತವರಿಗೆ ಬಿಟ್ಟುಕೊಟ್ಟಿದ್ದಾರೆ ಎಂದುಕೊಳ್ಳುವುದು ಸಹಜ. ಚರಿತ್ರೆ ಹಾಗೆ ಹೇಳುವುದಿಲ್ಲ. ಗೋರಿಗಳ ಕಾಲವನ್ನು ಸಾಮಾನ್ಯವಾಗಿ ಕ್ರಿ.ಪೂ. 800ರಿಂದ 200ರವರೆಗೆ ಎಂದು ಹೇಳುತ್ತಾರೆ. ಆ ಅವಧಿಯ ಕೊನೆಗೆ, ಕ್ರಿ.ಪೂ. ಮೂರನೆಯ ಶತಮಾನದಲ್ಲಿ, ಅಶೋಕ ತನ್ನ ಮಾತನ್ನು ಕೆತ್ತಿಸಲು ಆರಿಸಿಕೊಂಡ ಬಂಡೆಗಳಲ್ಲಿ ಎರಡು ಇದೇ ಜಿಲ್ಲೆಯ ಕೊಪ್ಪಳದಲ್ಲಿವೆ, ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ. ಇನ್ನೊಂದು ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿದೆ. ಜನವೇ ಓಡಾಡದ ಕಡೆ ಯಾವ ಚಕ್ರವರ್ತಿಯೂ ಶಾಸನ ಹಾಕಿಸುವುದಿಲ್ಲ. ಇದು ಎಲ್ಲಿಯೋ ಇರುವ ಮೂಲೆ ಎನ್ನುವುದು ಹೆದ್ದಾರಿಯ ಲೆಕ್ಕದಲ್ಲಿ ದೂರ ಅಳೆಯುವ ನಮ್ಮ ಕಾಲದ ಮಾತು.

ಬಂಡೆಯ ಕಥೆ ಇದಕ್ಕಿಂತ ತೀರ ಹಳೆಯದು, ಮತ್ತು ಬೆಂಗಳೂರಿನ ಪಶ್ಚಿಮದವರಿಗೆ ಅದು ಅಪರಿಚಿತವೂ ಅಲ್ಲ. ಮಾಗಡಿ ರಸ್ತೆ ಹಿಡಿದು ಹೋದರೆ ಸಿಗುವ ಸಾವನದುರ್ಗ, ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಸಾಗಿದರೆ ಕಾಣುವ ರಾಮನಗರದ ಬೆಟ್ಟಗಳು, ಇವೆಲ್ಲ ಒಂದೇ ಶಿಲಾಪಟ್ಟಿಯವು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಕ್ಲೋಸ್‌ಪೇಟೆ ಎಂಬ ಹೆಸರನ್ನೇ ಭೂವಿಜ್ಞಾನಿಗಳು ಈ ಗ್ರಾನೈಟಿಗೂ ಇಟ್ಟರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ ಶಿಲೆ ಮೇಲೆದ್ದು, ಮೇಲ್ಮೈ ತಲುಪುವ ಮೊದಲೇ ತಣಿದು ಗಟ್ಟಿಯಾದ ಪಟ್ಟಿ ಇದು. ದಕ್ಷಿಣದಿಂದ ಉತ್ತರಕ್ಕೆ ನಾನೂರು ಕಿಲೋಮೀಟರ್‌ನಷ್ಟು ಚಾಚಿದೆ. ಹಂಪಿ ಕಡೆಯ ಬೆಟ್ಟಗಳನ್ನೂ ಇದರ ಉತ್ತರದ ಭಾಗವೆಂದೇ ಎಣಿಸುತ್ತಾರೆ. ಆಳದಲ್ಲಿ ಭಾರೀ ಒತ್ತಡದ ಕೆಳಗೆ ಗಟ್ಟಿಯಾದ ಕಲ್ಲಿನ ಮೇಲಿನ ಹೊದಿಕೆ ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋದಾಗ ಎರಡು ಸಂಗತಿ ನಡೆಯುತ್ತವೆ. ಭಾರ ಇಳಿದ ಕಲ್ಲು ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಪದರಪದರವಾಗಿ ಸೀಳುತ್ತದೆ. ಅಡ್ಡ ಉದ್ದ ಬಿರುಕುಗಳಿಗೆ ಇಳಿದ ನೀರು, ಮಣ್ಣಿನೊಳಗಿದ್ದಾಗಲೇ, ಚೌಕ ತುಂಡುಗಳ ಮೂಲೆಗಳನ್ನು ಮೊದಲು ಕೊಳೆಸಿ ಅವನ್ನು ದುಂಡಗೆ ಮಾಡುತ್ತದೆ. ಆಮೇಲೆ ಮಣ್ಣು ಕೊಚ್ಚಿ ಹೋಗಿ, ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಂಡುಗಳು ಹೊರಬೀಳುತ್ತವೆ. ಭೂಕಂಪ ಎತ್ತಿ ಹಾಕಿದ್ದೂ ಅಲ್ಲ, ನದಿ ಉರುಳಿಸಿದ್ದೂ ಅಲ್ಲ. ಗುಂಡುಗಳು ಇದ್ದಲ್ಲೇ ಇದ್ದವು, ಸುತ್ತಲಿನದು ಹೋಯಿತು. ಕಪಿಗಳು ಎಸೆದದ್ದೆಂಬ ಕಿಷ್ಕಿಂಧೆಯ ಕಥೆಗೆ ಇದರಿಂದ ಕುಂದೇನೂ ಇಲ್ಲ. ಈ ಬೆಟ್ಟಗಳನ್ನು ಕಂಡ ಯಾರೇ ಆದರೂ ಒಂದು ಕಥೆ ಹೇಳದೆ ಇರಲಾರರು.

ಕಲ್ಗೋರಿ ಕಟ್ಟಿದವರಿಗೆ ಈ ಪದರವೇ ಬಂಡವಾಳ. ಚಪ್ಪಡಿಯನ್ನು ಅವರು ಬಂಡೆಯ ಹೊಟ್ಟೆಯಿಂದ ಕೊರೆದು ತೆಗೆಯಬೇಕಿರಲಿಲ್ಲ; ನಿಸರ್ಗ ಆಗಲೇ ಬಿಡಿಸಿಟ್ಟ ಪದರವನ್ನು ಎಬ್ಬಿಸಿದರೆ ಆಯಿತು. ಅದಕ್ಕೆ ಬೆಣೆ, ಸನ್ನೆಗೋಲು, ಬೆಂಕಿ ಸಾಕು. ಬೆಂಕಿಯ ಉಪಾಯ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂಬುದಕ್ಕೆ ಬೆಂಗಳೂರೇ ಸಾಕ್ಷಿ. ಇಲ್ಲಿನ ಕಲ್ಲುಕುಟಿಗರು ಬರಿಯ ಹಾಸುಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಸರಿಸುತ್ತ ಹೋಗಿ, ಕೆಲವೇ ಅಂಗುಲ ದಪ್ಪದ ದೊಡ್ಡ ದೊಡ್ಡ ಹಾಳೆಗಳನ್ನು ಬಿಡಿಸುವ ಬಗೆಯನ್ನು ಲಂಡನ್ನಿನ ‘ನೇಚರ್’ ಪತ್ರಿಕೆ 1895ರಲ್ಲಿ ಪ್ರಕಟಿಸಿತು. ಕಾದ ಮೇಲ್ಪದರ ಹಿಗ್ಗುತ್ತದೆ, ಕೆಳಗಿನದು ತಣ್ಣಗೆ ಇದ್ದಲ್ಲೇ ಇರುತ್ತದೆ. ಹೆಂಚಿನ ಮೇಲೆ ಜೋಳದ ರೊಟ್ಟಿ ಉಬ್ಬಿ ಪದರ ಬಿಡುವ ಹಾಗೆ ಮೇಲಿನದು ಬಿಟ್ಟುಕೊಳ್ಳುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಚರಂಡಿಗೆ ಮುಚ್ಚಿದ್ದು, ಕಾಂಪೌಂಡಿಗೆ ಸಾಲಾಗಿ ನಿಲ್ಲಿಸಿದ್ದು, ಮನೆಗೆ ಸೂರಾಗಿ ಹೊದಿಸಿದ್ದು ಇಂಥ ಕಲ್ಲುಚಪ್ಪಡಿಗಳನ್ನೇ. ಹಿರೇಬೆಣಕಲ್ಲಿನಲ್ಲಿ ಸುಮಾರು ನಾನೂರು ಗೋರಿ ರಚನೆಗಳಿವೆ. ಕೆಲವು ಮೊಣಕಾಲೆತ್ತರದವು, ಕೆಲವು ಆಳೆತ್ತರ ಮೀರಿದವು. ಚಪ್ಪಡಿ ನಿಲ್ಲಿಸಿ ಕಟ್ಟಿದವು ಎಲ್ಲರ ಕಣ್ಣಿಗೂ ಬೀಳುತ್ತವೆ. ಚಾಚಿಕೊಂಡ ಬಂಡೆಯ ಅಡಿಯ ಖಾಲಿ ಜಾಗಕ್ಕೆ ಸಣ್ಣಕಲ್ಲು ತುಂಬಿ ಮುಚ್ಚಿ ಗೋರಿ ಮಾಡಿದ್ದನ್ನು ಬಹಳ ಮಂದಿ ಗಮನಿಸದೆ ದಾಟಿ ಹೋಗುತ್ತಾರೆ. ನನ್ನ ವಾದಕ್ಕೆ ಎರಡನೆಯ ಬಗೆಯದೇ ಹೆಚ್ಚು ಬಲ. ಅಲ್ಲಿ ಕಟ್ಟಡ ಎಲ್ಲಿ ಮುಗಿಯಿತು, ಗುಡ್ಡ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದೇ ಇಲ್ಲ.

ಗುಡ್ಡದ ಮೇಲೆ ಗೋರಿಗಳ ನಡುವೆಯೇ ಬೇಸಗೆಯಲ್ಲೂ ನೀರು ನಿಲ್ಲುವ ಒಂದು ಕೊಳವಿದೆ. ಚಪ್ಪಡಿಗಳನ್ನು ಎಬ್ಬಿಸಿದ್ದು ಇಲ್ಲಿಂದಲೇ ಎಂದು ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ಅಂದರೆ ಮಳೆನೀರು ನಿಲ್ಲುತ್ತಿದ್ದ ದೊಣೆಯ ಅಂಚಿನಿಂದ ಕಲ್ಲು ತೆಗೆದಷ್ಟೂ ದೊಣೆ ದೊಡ್ಡದಾಯಿತು. ಸತ್ತವರಿಗೆ ಮನೆ ಕಟ್ಟುವ ಕೆಲಸವೇ ಬದುಕಿದ್ದವರಿಗೆ, ಅವರ ದನಕುರಿಗಳಿಗೆ ನೀರಿನ ಆಸರೆಯೂ ಆಯಿತು. ತುಂಗಭದ್ರೆಯ ಈ ಭಾಗವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಪುರಾತತ್ತ್ವಜ್ಞ ಆಂಡ್ರ್ಯೂ ಬಾವರ್, ವಿಜಯನಗರಕ್ಕೂ ಹಿಂದಿನ ಕಾಲದ ಇಲ್ಲಿನ ಬದುಕಿನ ಬಗ್ಗೆ 2015ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಕಬ್ಬಿಣಯುಗದ ಜನ ನೆಲ, ನೀರು, ಕಲ್ಲುಗಳನ್ನು ತಮಗೆ ಬೇಕಾದಂತೆ ತಿದ್ದುತ್ತ ಬಂದರು, ಯಾರು ದೊಡ್ಡವರು ಯಾರು ಚಿಕ್ಕವರು ಎಂಬ ಸಾಮಾಜಿಕ ಅಂತರಗಳೂ ಆ ತಿದ್ದುವಿಕೆಯಲ್ಲೇ ರೂಪುಗೊಂಡವು ಎಂಬುದು ಆ ಬಗೆಯ ಅಧ್ಯಯನದ ತಿರುಳು. ನೀರಿರುವ ಕೊಳದ ಪಕ್ಕದ ಗೋರಿ, ಒಣಬಂಡೆಯ ಮೇಲಿನ ಗೋರಿ ಎರಡೂ ಒಂದೇ ಮಾತು ಹೇಳುವುದಿಲ್ಲ. ಜೋರ್ಡನ್ನಿನ ಪೆಟ್ರಾಕ್ಕೆ ಹೋದವರಿಗೂ ಇದೇ ಪಾಠ ಸಿಗುತ್ತದೆ. ಕೆಂಪು ಮರಳುಗಲ್ಲಿನಲ್ಲಿ ಕೊರೆದ ಮುಂಭಾಗಗಳು ಜಗತ್ಪ್ರಸಿದ್ಧವಾದರೂ ಆ ಊರು ಬದುಕಿದ್ದು ಬಂಡೆಯಲ್ಲಿ ಕಡಿದ ಕಾಲುವೆ, ಕಟ್ಟೆ, ತೊಟ್ಟಿಗಳಿಂದ. ಒಣನಾಡಿನ ಅವಶೇಷಗಳನ್ನು ನೋಡಲು ಹೋದವರು ಮೊದಲು ನೀರು ಎಲ್ಲಿತ್ತೆಂದು ಹುಡುಕಬೇಕು, ಗೋಪುರವನ್ನೋ ಗೋರಿಯನ್ನೋ ಆಮೇಲೆ.

ನೀರಾದ ಮೇಲೆ ದನಿ. ಹಿರೇಬೆಣಕಲ್ಲಿನಲ್ಲಿ ಎತ್ತರದ ಬಂಡೆಯೊಂದರ ಮೇಲೆ ನಗಾರಿಯ ಆಕಾರದ ಅರ್ಧಗೋಳದ ಕಲ್ಲೊಂದು ಕೂತಿದೆ. ಬಡಿದರೆ ಅದರ ಸದ್ದು ಬಲು ದೂರಕ್ಕೆ ಕೇಳುತ್ತದೆ. ಇದೊಂದು ಗುಡ್ಡದ ವಿಚಿತ್ರ ಎಂದು ತಳ್ಳಿಹಾಕುವಂತಿಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪಗಲ್ಲು ಗುಡ್ಡಗಳ ಕರಿಗಲ್ಲಿನ ಏಣಿನಲ್ಲಿ ನವಶಿಲಾಯುಗದಿಂದಲೂ ಜನ ಕುಟ್ಟಿ ಬಿಡಿಸಿದ ದನ, ಮನುಷ್ಯರ ಚಿತ್ರಗಳ ಜತೆಗೇ, ಬಡಿದರೆ ಗಂಟೆಯಂತೆ ನಾದ ಕೊಡುವ ಕಲ್ಲುಗಳೂ ಇವೆ. ಬಡಿದು ಬಡಿದು ಅವುಗಳಲ್ಲಿ ಗುಳಿ ಬಿದ್ದಿವೆ. ಪುರಾತತ್ತ್ವಜ್ಞೆ ನಿಕೋಲ್ ಬೋವಿನ್ 2004ರಲ್ಲಿ ಇದರ ಬಗ್ಗೆ ಬರೆದಾಗ, ಪಕ್ಕದಲ್ಲೇ ನಡೆಯುತ್ತಿದ್ದ ಕಲ್ಲುಗಣಿಗಾರಿಕೆ ಇಡೀ ನೆಲೆಗೆ ಕುತ್ತಾಗಿದೆಯೆಂಬ ಆತಂಕವೂ ಅದರೊಂದಿಗೆ ಹೊರಬಂತು. ಹಿರೇಬೆಣಕಲ್ಲಿನ ಬಂಡೆಯಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಬೇಟೆಗಾರರು, ಸಾಲುಗಟ್ಟಿ ಕುಣಿಯುವವರು, ಪ್ರಾಣಿಗಳು. ಮಳೆ ನೇರವಾಗಿ ಬಡಿಯದ, ನೆರಳು ಬೀಳುವ ಜಾಗ ಸಿಕ್ಕಿದ್ದರಿಂದಲೇ ಅವು ಉಳಿದಿವೆ. ಆ ಆಸರೆ ಒದಗಿಸಿದ್ದೂ ಗುಂಡುಗಳು ಪೇರಿದ ಬಗೆಯೇ. ಗೋರಿ, ಕೊಳ, ನಗಾರಿ, ಚಿತ್ರ ಇವನ್ನು ನಾಲ್ಕು ಬೇರೆ ಬೇರೆ ನೋಟಗಳೆಂದು ಪಟ್ಟಿ ಮಾಡುವುದು ಪ್ರವಾಸಿ ಫಲಕಕ್ಕೆ ಅನುಕೂಲ. ಒಂದೇ ಕಲ್ಲಿನ ನಾಲ್ಕು ಗುಣಗಳನ್ನು, ಅಂದರೆ ಪದರ ಬಿಡುವುದು, ನೀರು ಹಿಡಿಯುವುದು, ನಾದ ಕೊಡುವುದು, ನೆರಳು ಕೊಡುವುದನ್ನು, ಅಲ್ಲಿನ ಜನ ಒಂದೊಂದಾಗಿ ಕಂಡುಕೊಂಡು ಬಳಸಿದರು ಎಂದು ನೋಡಿದರೆ ಮಾತ್ರ ಗುಡ್ಡ ಅರ್ಥವಾಗುತ್ತದೆ.

ನಮ್ಮ ಕಾನೂನಿಗೆ ಈ ನೋಟ ಇನ್ನೂ ಪೂರ್ತಿ ಒಗ್ಗಿಲ್ಲ. ಹಿರೇಬೆಣಕಲ್ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಕಾಯಿದೆಗೆ 2010ರಲ್ಲಾದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಥಳದ ಎಲ್ಲೆಯಿಂದ ನೂರು ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ಒಂದು ದೇವಸ್ಥಾನಕ್ಕೆ, ಒಂದು ಕೋಟೆಬಾಗಿಲಿಗೆ ಇಷ್ಟು ಸಾಕಾಗಬಹುದು. ಗುಡ್ಡಸಾಲಿನ ಉದ್ದಕ್ಕೂ ಹರಡಿದ, ಬುಡದಲ್ಲಿ ಜನ ವಾಸಿಸಿದ ಗುರುತುಗಳೂ ಇರುವ ನೆಲೆಗೆ ಮೀಟರುಗಳಲ್ಲಿ ಅಳೆದ ಬೇಲಿ ಚಿಕ್ಕದು. ಇನ್ನೊಂದೆಡೆ, ಬರಿಯ ಬಂಡೆಗೂ ಗೌರವ ಕೊಡುವ ಪದ್ಧತಿ ನಮ್ಮಲ್ಲಿ ಇದೆ: ಲಾಲ್‌ಬಾಗಿನ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕಲ್ಲಿಗೆ ಒಂದು ಇಲಾಖೆ, ಕಟ್ಟಡಕ್ಕೆ ಇನ್ನೊಂದು. ಎರಡೂ ಒಂದೇ ಆಗಿರುವ ಹಿರೇಬೆಣಕಲ್ಲಿನಂಥ ಜಾಗಕ್ಕೆ ಕಡತ ಯಾವ ಬೀರುವಿನಲ್ಲಿರಬೇಕು? ಬೆಟ್ಟವನ್ನು ಬೆಟ್ಟವಾಗಿಯೇ ಕಾಯಲು ಆಗುವುದಿಲ್ಲ ಎಂಬ ಮಾತು ಮಾತ್ರ ಬೇಡ. ಕೆಂಗೇರಿಯಿಂದ ಸ್ವಲ್ಪವೇ ದೂರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಅಲ್ಲಿ ಹಕ್ಕಿಗೆ ಬೇಕಾದದ್ದು ಒಂದು ಗೂಡಲ್ಲ, ಇಡೀ ಕಡಿದಾದ ಬಂಡೆ ಎಂದು ಸರ್ಕಾರಕ್ಕೆ ಅರ್ಥವಾಯಿತು. ಹಕ್ಕಿಯ ವಿಷಯದಲ್ಲಿ ಅರ್ಥವಾದದ್ದು ಮನುಷ್ಯರ ವಿಷಯದಲ್ಲಿ ಯಾಕೆ ಆಗಬಾರದು?

ಇದಕ್ಕೆ ಮೊದಲ ಆಕ್ಷೇಪ ನಗರದಿಂದಲೇ ಬರುತ್ತದೆ, ಅದು ಹಗುರವಾದದ್ದೇನೂ ಅಲ್ಲ. ಗ್ರಾನೈಟ್ ಬೆಟ್ಟಗಳು ಕರ್ನಾಟಕದಲ್ಲಿ ಸಾವಿರಾರಿವೆ. ಮನೆಗೆ ತಳಪಾಯ ಹಾಕಲು ಸೈಜುಗಲ್ಲು ಬೇಕು, ಕಾಂಕ್ರೀಟಿಗೆ ಜಲ್ಲಿ ಬೇಕು, ನದಿಮರಳು ಸಿಗದ ಮೇಲೆ ಎಂ-ಸ್ಯಾಂಡೂ ಕಲ್ಲು ಪುಡಿಮಾಡಿಯೇ ಬರಬೇಕು. ಬೆಂಗಳೂರಿನ ರಾಜಾಜಿನಗರದಲ್ಲಿ ಹಳೆ ಮನೆ ಕೆಡವಿ ನಾಲ್ಕಂತಸ್ತು ಏರಿಸುವವರು ಬಂಡೆ ಒಡೆಯಬೇಡಿ ಎಂದು ಉಪದೇಶ ಮಾಡುವುದು ಹೇಗೆ? ಉಪದೇಶ ಬೇಡ, ಲೆಕ್ಕ ಬೇಕು. ಎಲ್ಲ ಬೆಟ್ಟವನ್ನೂ ಮುಟ್ಟಬಾರದೆಂದು ನಾನು ಹೇಳುತ್ತಿಲ್ಲ. ಒಂದು ಗುಡ್ಡಕ್ಕೆ ಪರವಾನಗಿ ಕೊಡುವ ಮುನ್ನ ಅದರ ಗುಂಡುಗಳ ಅಡಿ, ದೊಣೆಗಳ ಅಂಚು, ಬುಡದ ಹೊಲ ಇವನ್ನು ಬಲ್ಲವರು ಒಮ್ಮೆ ನಡೆದು ನೋಡಲಿ ಎನ್ನುತ್ತಿದ್ದೇನೆ. ಜಲ್ಲಿ ಎಲ್ಲಿಂದಾದರೂ ಬಂದೀತು. ಸಂಗನಕಲ್ಲಿನಲ್ಲಿ ಜನ ನೂರಾರು ವರ್ಷ ಕೂತು ಕಲ್ಲುಗೊಡಲಿ ತಯಾರಿಸಿದ ನೆಲೆ ಒಮ್ಮೆ ಕ್ರಷರಿಗೆ ಹೋದರೆ ಮತ್ತೆಲ್ಲಿಂದ ಬರುತ್ತದೆ? ಇಂಥ ಸಮೀಕ್ಷೆಗೆ ತಗಲುವ ಖರ್ಚು ಗಣಿಗಾರಿಕೆಯಿಂದ ಬರುವ ರಾಜಧನದ ಮುಂದೆ ಚಿಲ್ಲರೆ.

ಎರಡನೆಯ ಆಕ್ಷೇಪ ಊರಿನವರದು, ನನಗೆ ಕಾಣುವಂತೆ ಇದೇ ಹೆಚ್ಚು ತೂಕದ್ದು. ಇಡೀ ಭೂದೃಶ್ಯವನ್ನು ಕಾಯುತ್ತೇವೆಂದು ಹೊರಟವರು ಕೊನೆಗೆ ಅಲ್ಲಿ ಬದುಕುವವರನ್ನೇ ಕಟ್ಟಿಹಾಕುತ್ತಾರೆ ಎಂಬುದು. ಪಕ್ಕದ ಹಂಪಿ ಇದಕ್ಕೆ ಕಣ್ಣೆದುರಿನ ಉದಾಹರಣೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿ, ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಸೇತುವೆಗಳ ಕಾರಣದಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬಿತ್ತು, 2006ರಲ್ಲಿ ಅದರಿಂದ ಹೊರಬಂತು. ನಡುವೆ 2002ರಲ್ಲಿ ಹಂಪಿ ಪ್ರದೇಶದ ನಿರ್ವಹಣಾ ಪ್ರಾಧಿಕಾರದ ಕಾಯಿದೆ ಬಂದು ಹತ್ತಾರು ಹಳ್ಳಿಗಳು ಅದರ ವ್ಯಾಪ್ತಿಗೆ ಸೇರಿದವು. ಮನೆ ಮೇಲೆ ಇನ್ನೊಂದು ಕೋಣೆ ಎಬ್ಬಿಸುವುದೂ ಕಚೇರಿಯ ಮಾತಾಯಿತು. 2011ರಲ್ಲಿ ಹಂಪಿ ಬಜಾರಿನಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ಎಬ್ಬಿಸಿದರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬೆನ್ನಿಗೇ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ಬಜಾರಿನವರಿಗೂ ಗಡ್ಡೆಯ ರೆಸಾರ್ಟಿನವರಿಗೂ ಒಂದೇ ಅಳತೆಗೋಲು ಹಿಡಿಯುವುದು ಸರಿಯಲ್ಲ. ಮೊದಲನೆಯದು ಸ್ಮಾರಕವನ್ನು ಜನರಿಂದ ಖಾಲಿ ಮಾಡಿಸಿದ್ದು, ಎರಡನೆಯದು ನದಿನಡುವಿನ ನೆಲವನ್ನು ಕಟ್ಟಡಗಳಿಂದ ಬಿಡಿಸಿದ್ದು. ಈ ವ್ಯತ್ಯಾಸದಲ್ಲೇ ಆಕ್ಷೇಪಕ್ಕೆ ಉತ್ತರವಿದೆ. ಕುರಿ ಮೇಯಿಸುವುದರಿಂದ, ಹೊಲ ಉಳುವುದರಿಂದ, ಹಳೆ ಮನೆಗೆ ಹೊಸ ಮಾಡು ಹಾಕುವುದರಿಂದ ಬಂಡೆ ಒಡೆಯುವುದಿಲ್ಲ. ಸಿಡಿಮದ್ದು, ಜೆಸಿಬಿ, ಗುಡ್ಡ ಕೊರೆದು ಮಾಡುವ ರಸ್ತೆ ಇವುಗಳಿಂದ ಒಡೆಯುತ್ತದೆ. ನಿಯಮ ಈ ಎರಡನ್ನು ಬೇರೆ ಮಾಡಿ ನೋಡಿದರೆ ಊರಿನವರೊಂದಿಗೆ ಜಗಳಕ್ಕೆ ಕಾರಣವೇ ಇರುವುದಿಲ್ಲ. ಈ ಗೋರಿಗಳನ್ನು ಇಷ್ಟು ಕಾಲ ಉಳಿಸಿದ್ದರಲ್ಲಿ ಊರವರ ನಂಬಿಕೆಯ ಪಾಲೂ ಇದೆ. ಇದು ಕುಳ್ಳ ಜನರಾದ ಮೊರೇರು ಬಾಳಿದ ಮನೆಗಳಿರುವ ಗುಡ್ಡ, ಮೊರೇರ ಗುಡ್ಡ ಎಂದೇ ಅವರು ಹೇಳುತ್ತ ಬಂದರು. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರ ಸೀಮೆಯಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಈ ಭಾಗದ ಕಲ್ಗೋರಿಗಳ ಬಗ್ಗೆ ಬರೆಯುವಾಗ ಸುತ್ತಲಿನ ಜನ ಅವುಗಳಿಗೆ ತಮ್ಮದೇ ಹೆಸರು, ತಮ್ಮದೇ ಕಥೆ ಇಟ್ಟುಕೊಂಡಿದ್ದರು. ಅವುಗಳನ್ನು ಅವನು ಕಂಡುಹಿಡಿದ ಎನ್ನುವ ಮಾತನ್ನು ಸ್ವಲ್ಪ ತಿದ್ದಿ ಓದುವುದು ಒಳ್ಳೆಯದು.

ಮೂರನೆಯದು ದಾರಿಯ ಪ್ರಶ್ನೆ. ಮೇಲಕ್ಕೆ ವಾಹನ ಹೋಗದು, ಹತ್ತಿಯೇ ಹೋಗಬೇಕು. ಮೊಣಕಾಲು ನೋವಿರುವವರು, ಹಿರಿಯರು ನೋಡುವುದು ಬೇಡವೇ ಎಂದು ಕೇಳಿದರೆ ಬೇಡ ಎನ್ನಲು ಬಾಯಿ ಬಾರದು. ಆದರೂ ರಸ್ತೆಯ ಬೆಲೆ ಏನೆಂದು ಕೇಳಲೇಬೇಕು. ಹಾಸುಬಂಡೆಯ ಮೇಲೆ ದಾರಿ ಮಾಡುವುದೆಂದರೆ ಸಂದುಗಳಿಗೆ ಮದ್ದು ತುಂಬುವುದು, ನೀರು ಹರಿಯುವ ಜಾಡು ತಪ್ಪಿಸುವುದು, ಎಬ್ಬಿಸಿದ ಚಪ್ಪಡಿಗಳ ಗುರುತುಗಳ ಮೇಲೆಯೇ ಕಾಂಕ್ರೀಟು ಸುರಿಯುವುದು. ಏನನ್ನು ತೋರಿಸಲು ಹೊರಟೆವೋ ಅದನ್ನೇ ಮೊದಲು ಅಳಿಸುವುದು. ಇದರ ಬದಲು ಗುಡ್ಡದ ಬುಡದಲ್ಲಿ, ಅಲ್ಲಿನ ಹುಡುಗ ಹುಡುಗಿಯರೇ ನಡೆಸುವಂಥ ಚಿಕ್ಕದೊಂದು ವಿವರಣಾ ಕೇಂದ್ರ ಬರಲಿ. ನಿಜ ಅಳತೆಯ ಒಂದು ಕಲ್ಗೋರಿ, ಪದರ ಎಬ್ಬಿಸುವ ಬಗೆ, ಬಂಡೆಚಿತ್ರಗಳ ಪ್ರತಿ, ನಗಾರಿಯ ಸದ್ದಿನ ಧ್ವನಿಮುದ್ರಣ ಅಲ್ಲಿರಲಿ. ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟನ ಹೆಸರಿನಲ್ಲಿ ಸಂಗನಕಲ್ಲು ಪುರಾತತ್ತ್ವ ಸಂಗ್ರಹಾಲಯ ತೆರೆದದ್ದು ಇದಕ್ಕೆ ಹತ್ತಿರದ ಮಾದರಿ. ಹತ್ತಲಾಗದವರಿಗೆ ನ್ಯಾಯ ಒದಗಿಸಲು ಹತ್ತುವ ಬೆಟ್ಟವನ್ನೇ ತಗ್ಗಿಸಬೇಕಿಲ್ಲ.

ಬೆಂಗಳೂರಿನಿಂದ ಹೋಗುವವರಿಗೆ ದಾರಿ ಕಷ್ಟದ್ದೇನಲ್ಲ. ತುಮಕೂರು ರಸ್ತೆ ಹಿಡಿದು ಹಿರಿಯೂರು, ಚಿತ್ರದುರ್ಗ, ಹೊಸಪೇಟೆ ದಾಟಿದರೆ ಗಂಗಾವತಿ ದೂರವಿಲ್ಲ. ರೈಲಿನಲ್ಲಾದರೆ ಹೊಸಪೇಟೆಗೆ ರಾತ್ರಿಯ ಪಯಣ. ನವೆಂಬರಿನಿಂದ ಫೆಬ್ರವರಿಯವರೆಗೆ, ಬೆಳಗ್ಗೆ ಬೇಗ, ಕುಡಿಯುವ ನೀರು ಹೊತ್ತು, ಊರಿನವರೊಬ್ಬರನ್ನು ಜತೆಗೆ ಕರೆದುಕೊಂಡು ಹತ್ತಬೇಕು; ಇದು ಕರಡಿ, ಚಿರತೆ ಓಡಾಡುವ ಸೀಮೆ, ದಾರಿಯೂ ಬಂಡೆಯ ಮೇಲೆ ತಪ್ಪಿಹೋಗುವಂಥದ್ದು. ನಗಾರಿ ಕಲ್ಲನ್ನು ಬಡಿದೇ ನೋಡಬೇಕೆಂಬ ಆಸೆಯನ್ನು ತಡೆದುಕೊಳ್ಳಿ. ಚಪ್ಪಡಿಗಳ ಮೇಲೆ ಹತ್ತಿ ಕೂರಬೇಡಿ. ಅವು ನಿಂತಿರುವುದು ಗಾರೆಯಿಂದಲ್ಲ, ಒಂದರ ಭಾರ ಇನ್ನೊಂದಕ್ಕೆ ಒರಗಿ. ಮೊದಲು ಕೊಳದ ಅಂಚಿಗೆ ಹೋಗಿ, ಅಲ್ಲಿಂದ ಗೋರಿಗಳ ಕಡೆಗೆ ನಡೆಯಿರಿ. ಕಲ್ಲು ಎಲ್ಲಿಂದ ಎದ್ದು ಎಲ್ಲಿಗೆ ಹೋಯಿತೆಂಬುದು ಕಾಲಿಗೇ ಗೊತ್ತಾಗುತ್ತದೆ.

2021ರಲ್ಲಿ ಹಿರೇಬೆಣಕಲ್ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ತಾತ್ಕಾಲಿಕ ಪಟ್ಟಿ ಮಾನ್ಯತೆಯಲ್ಲ, ಸರದಿಯಲ್ಲಿ ನಿಲ್ಲಲು ಸಿಕ್ಕ ಜಾಗ ಅಷ್ಟೇ. ಪೂರ್ಣ ಪ್ರಸ್ತಾವ ಹೋಗಬೇಕಾದರೆ ಅದರೊಂದಿಗೆ ಒಂದು ನಕ್ಷೆ ಇರಬೇಕು. ನೆಲೆಯ ಒಳಗೆರೆ, ಅದರ ಸುತ್ತಲಿನ ಕಾಪುವಲಯದ ಹೊರಗೆರೆ ಎರಡನ್ನೂ ಅದರಲ್ಲಿ ತೋರಿಸಬೇಕು. ಗೋರಿಗಳಿರುವ ಮಟ್ಟಸ ಜಾಗವನ್ನಷ್ಟೇ ಸುತ್ತಿ ಗೆರೆ ಎಳೆದು ಮುಗಿಸುವುದು ಸುಲಭ, ಕಡತವೂ ಬೇಗ ಸಾಗುತ್ತದೆ. ಕೊಳ, ನಗಾರಿ, ಚಿತ್ರವಿರುವ ಆಸರೆಗಳು, ಬುಡದ ವಾಸದ ನೆಲೆ, ಇವುಗಳ ನಡುವಿನ ಬರಿಯ ಬಂಡೆ ಎಲ್ಲವೂ ಒಳಗೆ ಬರುವಂತೆ ಎಳೆಯಬೇಕಾದರೆ ಪುರಾತತ್ತ್ವ, ಅರಣ್ಯ, ಕಂದಾಯ, ಗಣಿ ಇಲಾಖೆಗಳು ಹಿರೇಬೆಣಕಲ್ಲಿನ ಪಂಚಾಯಿತಿಯೊಂದಿಗೆ ಒಂದೇ ಮೇಜಿನ ಸುತ್ತ ಕೂರಬೇಕಾಗುತ್ತದೆ.